ಎರೆ ಮಣ್ಣಿಗೆ ಪರ್ಲೈಟ್ ಬೇಕೇ?

ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಈಗ ಗಿಡದ ಬಗ್ಗೆ ಏನೇ ಪ್ರಶ್ನೆ ಬಂದರೂ ಉತ್ತರ ಒಂದೇ: ಮಣ್ಣಿಗೆ ಪರ್ಲೈಟ್ ಸೇರಿಸಿ. ಎಲೆ ಹಳದಿಯಾಯಿತೇ, ಪರ್ಲೈಟ್. ಮಲ್ಲಿಗೆ ಮೊಗ್ಗು ಬಿಡಲಿಲ್ಲವೇ, ಪರ್ಲೈಟ್. ಕೇಳಿದವರು ಉಳ್ಳಾಲದ ತೋಟದ ಮನೆಯವರೋ, ಬೆಂಗಳೂರಿನ ಫ್ಲ್ಯಾಟಿನವರೋ, ದುಬೈಯ ಬಾಲ್ಕನಿಯವರೋ ಎಂದು ಯಾರೂ ವಿಚಾರಿಸುವುದಿಲ್ಲ. ಯಾರೋ ಒಂದು ವಿಡಿಯೋದ ಲಿಂಕ್ ಹಾಕುತ್ತಾರೆ, ಇನ್ನೊಬ್ಬರು ಆನ್‌ಲೈನ್ ಪ್ಯಾಕೆಟ್‌ನ ಲಿಂಕ್ ಹಾಕುತ್ತಾರೆ, ಮಾತು ಮುಗಿಯಿತು.

ನಾನು ಇದನ್ನು ಬರೆಯುತ್ತಿರುವುದು ತೆಲಂಗಾಣದ ಮಕ್ತಲ್‌ನಿಂದ. ನಮ್ಮವರ ಬೇಕರಿಯ ಕಾರಣ ಇಲ್ಲಿಗೆ ಬಂದು ಇದು ಎಂಟನೆಯ ವರ್ಷ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಪರ್ಲೈಟ್ ಕೆಟ್ಟ ವಸ್ತುವಲ್ಲ. ಮಳೆಗಾಲದಲ್ಲಿ ಉಳ್ಳಾಲದ ಕುಂಡಕ್ಕೆ ಅದು ಒಳ್ಳೆಯದೇ. ಆದರೆ ಮಕ್ತಲ್, ನಾರಾಯಣಪೇಟೆ, ಗದ್ವಾಲದ ಹಿತ್ತಲ ನೆಲಕ್ಕೆ ಅದನ್ನು ಸುರಿಯುವುದು ಹಣ ದಂಡ. ಇಲ್ಲಿನ ಮಾಳಿಗೆಯ ಕುಂಡಗಳಿಗೂ ಅದು ಎಲ್ಲ ಕಡೆ ಬೇಕಾಗುವುದಿಲ್ಲ.

ಊರಿನವರಿಗೆ ಈ ಹೆಸರುಗಳು ಗೊತ್ತಿರುವುದು ಸೀರೆಯಿಂದ. ಗದ್ವಾಲ ಸೀರೆ, ನಾರಾಯಣಪೇಟೆ ಸೀರೆ ಎಂದರೆ ಅಂಗಡಿಯಲ್ಲಿ ಎಲ್ಲರಿಗೂ ಗೊತ್ತು, ಊರು ಎಲ್ಲಿದೆ ಎಂದು ಕೇಳಿದರೆ ಗೊತ್ತಿಲ್ಲ. ರಾಯಚೂರಿನಿಂದ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಹೊಗೆ ಚಿಮಣಿಗಳನ್ನು ನೋಡುತ್ತಾ ಬಂದು ಕೃಷ್ಣೆಯ ಸೇತುವೆ ದಾಟಿದರೆ ತೆಲಂಗಾಣ. ಭೀಮಾ ನದಿ ಕೃಷ್ಣೆಯನ್ನು ಸೇರುವ ತಂಗಡಿ ಇಲ್ಲೇ, ಕೃಷ್ಣಾ ಮಂಡಲದಲ್ಲಿ. ಗದ್ವಾಲ ಮತ್ತು ಆಲಂಪುರ ತಾಲೂಕುಗಳು 1956ರ ನವೆಂಬರ್ 1ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇದ್ದವು. ರಾಜ್ಯಗಳ ಮರುವಿಂಗಡಣೆಯಲ್ಲಿ ರಾಯಚೂರು ಮೈಸೂರಿಗೆ ಬಂತು, ಆ ಎರಡು ತಾಲೂಕು ಆಂಧ್ರಕ್ಕೆ ಹೋದವು. ಗದ್ವಾಲ ಈಗ 2016ರಲ್ಲಿ ಆದ ಜೋಗುಳಾಂಬ ಗದ್ವಾಲ ಜಿಲ್ಲೆಯ ಕೇಂದ್ರ. ನಾರಾಯಣಪೇಟೆ 2019ರಲ್ಲಿ ಜಿಲ್ಲೆಯಾಯಿತು, ಮಕ್ತಲ್ ಅದರೊಳಗೆ. ಸಂತೆಯಲ್ಲಿ ಒಂದೇ ವಾಕ್ಯದಲ್ಲಿ ಕನ್ನಡ, ತೆಲುಗು, ದಕ್ಕನಿ ಉರ್ದು ಮೂರೂ ಬರುತ್ತವೆ. ನಾಲ್ಕನೆಯದಾಗಿ ನಮ್ಮ ಮನೆಯೊಳಗೆ ಬ್ಯಾರಿ.

ಈ ಕಡೆಯ ಪೇಟೆಗಳಲ್ಲಿ ಬೇಕರಿ, ಹೋಟೆಲು, ಜ್ಯೂಸ್ ಅಂಗಡಿ ಹಾಕಿಕೊಂಡ ನಮ್ಮವರ ಮನೆಗಳು ಕೆಲವು ಉಂಟು. ಬಂದ ಮೊದಲ ವರ್ಷ ಎಲ್ಲರೂ ಊರಿನಿಂದ ಬಸಳೆಯ ಬಳ್ಳಿ, ತೊಂಡೆಯ ತುಂಡು, ಮಲ್ಲಿಗೆ ಗಿಡ, ಕೇಪುಳದ ಗೆಲ್ಲು ಕಟ್ಟಿಕೊಂಡು ಬರುತ್ತಾರೆ. ಎರಡನೆಯ ವರ್ಷ ಅವು ಸಾಯುತ್ತವೆ. ಮೂರನೆಯ ವರ್ಷದಿಂದ "ಈ ಮಣ್ಣಿನಲ್ಲಿ ಏನೂ ಆಗುವುದಿಲ್ಲ" ಎಂಬ ಮಾತು ಶುರು. ಆ ಮೇಲೆ ಆ ಮನೆಯವರು ಇಲ್ಲಿ ಹತ್ತು ವರ್ಷ ಇದ್ದರೂ ಬಸ್‌ಸ್ಟ್ಯಾಂಡಿನಲ್ಲಿ ಕೂತವರ ಹಾಗೆಯೇ ಇರುತ್ತಾರೆ. ನನಗೆ ಬೇಸರ ಇದರದ್ದು, ಪ್ಯಾಕೆಟ್ಟಿನ ಬೆಲೆಯದ್ದಲ್ಲ. ಮಣ್ಣಿನದ್ದಲ್ಲದ ತಪ್ಪನ್ನು ಮಣ್ಣಿನ ಮೇಲೆ ಹಾಕಿ ನಾವು ಕೈ ತೊಳೆದುಕೊಳ್ಳುತ್ತಿದ್ದೇವೆ. ನೆಲದಲ್ಲಿ ಬಂಗಾರದಂಥ ತೊಗರಿ, ಹತ್ತಿ, ಭತ್ತ, ಶೇಂಗಾ ಬೆಳೆಯುವ ಸೀಮೆ ಇದು ಮಾರಾಯ್ರೆ! ಏನೂ ಆಗುವುದಿಲ್ಲ ಎಂದರೆ ಪಕ್ಕದ ಮನೆಯ ರೈತರು ನಗುತ್ತಾರೆ.

ಮೊದಲು ಪರ್ಲೈಟ್ ಎಂದರೆ ಏನು ಎಂದು ನೋಡೋಣ, ಯಾಕೆಂದರೆ ಅದನ್ನು ಗೊಬ್ಬರ ಎಂದು ತಿಳಿದವರೂ ನಮ್ಮಲ್ಲಿದ್ದಾರೆ. ಅದು ಜ್ವಾಲಾಮುಖಿಯ ಗಾಜು. ಆ ಕಲ್ಲಿನೊಳಗೆ ಶೇಕಡ 2ರಿಂದ 5ರಷ್ಟು ನೀರು ಸಿಕ್ಕಿಕೊಂಡಿರುತ್ತದೆ. ಪುಡಿ ಮಾಡಿ ಸುಮಾರು 850–900 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಹಾಕಿದಾಗ ಗಾಜು ಮೆತ್ತಗಾಗುತ್ತದೆ, ಒಳಗಿನ ನೀರು ಆವಿಯಾಗಿ ಹೊರಗೆ ನುಗ್ಗುತ್ತದೆ, ಕಾಳು ಅರಳಿನ ಹಾಗೆ ಉಬ್ಬುತ್ತದೆ. ಗಾತ್ರ ನಾಲ್ಕು ಪಟ್ಟಿನಿಂದ ಇಪ್ಪತ್ತು ಪಟ್ಟಿನವರೆಗೆ ಹೆಚ್ಚಾಗುತ್ತದೆ. ಹಾಗಾಗಿ ಒಂದು ಲೀಟರ್ ಅಳತೆಯ ಪರ್ಲೈಟ್ ಸುಮಾರು 100 ಗ್ರಾಂ ತೂಗಿದರೆ ಹೆಚ್ಚು. ಚೀನಾ, ಟರ್ಕಿ, ಗ್ರೀಸ್, ಅಮೆರಿಕ ಇದರ ದೊಡ್ಡ ಉತ್ಪಾದಕರು. ಗಲ್ಫ್‌ನಲ್ಲಿ ಗ್ಯಾಸ್ ಪ್ಲಾಂಟಿನಲ್ಲಿ ದುಡಿದ ನಮ್ಮ ಹುಡುಗರಿಗೆ ಇದು ಹೊಸತಲ್ಲ. ದ್ರವ ನೈಸರ್ಗಿಕ ಅನಿಲ ತುಂಬುವ ದೊಡ್ಡ ಟ್ಯಾಂಕುಗಳ ಎರಡು ಗೋಡೆಗಳ ನಡುವೆ ತಣ್ಪು ಹೊರಹೋಗದಂತೆ ತುಂಬುವುದು ಇದನ್ನೇ.

ಇದರಲ್ಲಿ ಗಿಡಕ್ಕೆ ತಿನ್ನಲು ಏನೂ ಇಲ್ಲ. ಗೊಬ್ಬರದ ಸತ್ವವನ್ನು ಹಿಡಿದಿಟ್ಟುಕೊಂಡು ಆಮೇಲೆ ಕೊಡುವ ಗುಣವೂ ಇಲ್ಲವೆಂದೇ ಹೇಳಬೇಕು. ಹುಳಿ, ಕ್ಷಾರ ಎರಡೂ ಅಲ್ಲ, ನಡುವಿನದ್ದು. ಕೊಳೆಯುವುದಿಲ್ಲ. ಅದು ಮಾಡುವ ಕೆಲಸ ಒಂದೇ, ಕುಂಡದ ಮಣ್ಣಿನೊಳಗೆ ಗಾಳಿಗೆ ಜಾಗ ಮಾಡಿಕೊಡುವುದು, ಹೆಚ್ಚಾದ ನೀರನ್ನು ಬೇಗ ಕೆಳಗೆ ಬಿಡುವುದು. ಕಾಳಿನ ಒರಟು ಮೈಮೇಲೆ ಸ್ವಲ್ಪ ನೀರು ಅಂಟಿಕೊಂಡಿರುತ್ತದೆ, ಅಷ್ಟೇ.

ಈ ಪಾಕ ಎಲ್ಲಿಂದ ಬಂತು ಎಂದು ತಿಳಿದರೆ ಅರ್ಧ ಸಮಸ್ಯೆ ಪರಿಹಾರ. ಉಬ್ಬಿಸಿದ ಪರ್ಲೈಟ್ 1940ರ ದಶಕದಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ಸರಕು. 1960ರ ದಶಕದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು ಮಣ್ಣೇ ಇಲ್ಲದ ಕುಂಡದ ಮಿಶ್ರಣಗಳನ್ನು ಮಾಡಿ ತೋರಿಸಿದರು. ಪೀಟ್ ಎಂಬ ಜೌಗು ಪಾಚಿಯ ಪುಡಿ, ಅದರ ಜೊತೆಗೆ ವರ್ಮಿಕ್ಯುಲೈಟ್ ಅಥವಾ ಪರ್ಲೈಟ್. ಪೀಟ್ ಸ್ಪಂಜಿನ ಹಾಗೆ ನೀರು ಕುಡಿದು ಕೂರುವ ವಸ್ತು. ತಂಪು ದೇಶ, ಗಾಜಿನ ಮನೆ, ಬಿಸಿಲು ಕಡಿಮೆ. ಅಂಥಲ್ಲಿ ಬೇರಿಗೆ ಉಸಿರು ಕಟ್ಟದಂತೆ ಪರ್ಲೈಟ್ ಬೇಕೇ ಬೇಕು. ಈಗಿನ ಹೆಚ್ಚಿನ ವಿಡಿಯೋಗಳಲ್ಲಿ ಹೇಳುವುದು ಆ ಪಾಕದ ಮಕ್ಕಳು ಮೊಮ್ಮಕ್ಕಳನ್ನೇ. ಪೀಟ್ ಜಾಗಕ್ಕೆ ಕೋಕೋಪೀಟ್ ಬಂತು, ಪರ್ಲೈಟ್ ಹಾಗೆಯೇ ಉಳಿಯಿತು. ಊರಿನ ಕುಚ್ಚಲಕ್ಕಿಗೆ ಇಡುವ ನೀರಿನ ಲೆಕ್ಕದಲ್ಲೇ ರಾಯಚೂರಿನ ಸೋನಾ ಮಸೂರಿ ಬೇಯಿಸಿದರೆ ಅನ್ನ ಗಂಜಿಯಾಗುತ್ತದೆ. ಅದು ಅಕ್ಕಿಯ ತಪ್ಪೇ?

ಈಗ ಇಲ್ಲಿನ ನೆಲಕ್ಕೆ ಬನ್ನಿ. ಇಲ್ಲಿ ಎರಡು ಬಗೆಯ ಮಣ್ಣು, ಕೆಲವೊಮ್ಮೆ ಒಂದೇ ಹೊಲದಲ್ಲಿ ಎರಡೂ. ಕಪ್ಪು ಮಣ್ಣಿಗೆ ಕನ್ನಡದವರು ಎರೆ ಅಥವಾ ಎರಿ ಎನ್ನುತ್ತಾರೆ, ತೆಲುಗಿನವರು ನಲ್ಲ ರೇಗಡಿ. ಕೆಂಪು ಮಣ್ಣು ಕನ್ನಡದಲ್ಲಿ ಮಸಾರಿ, ತೆಲುಗಿನಲ್ಲಿ ಎರ್ರ ಮಣ್ಣು ಅಥವಾ ಚಲಕ. ಗಮನಿಸಿ, ಕನ್ನಡದ "ಎರೆ" ಕಪ್ಪು, ತೆಲುಗಿನ "ಎರ್ರ" ಕೆಂಪು! ನಮ್ಮ ಬೀದಿಯ ಕೊನೆಯ ಮನೆಯವರು ಟ್ರ್ಯಾಕ್ಟರಿನವನಿಗೆ ಎರೆ ಮಣ್ಣು ತಾ ಎಂದರೆ ಅವನು ಒಂದು ಟ್ರಿಪ್ ಕೆಂಪು ಮಣ್ಣು ತಂದು ಬಾಗಿಲಿಗೆ ಸುರಿದು ಹೋಗಿದ್ದ. ಅವರಿಗೆ ಅದರಿಂದ ಒಳ್ಳೆಯದೇ ಆಯಿತು ಎನ್ನುವುದು ಬೇರೆ ಮಾತು, ಯಾಕೆಂದು ಮುಂದೆ ಹೇಳುತ್ತೇನೆ. ಇಲ್ಲಿ ಮಣ್ಣು ಕೊಳ್ಳುವಾಗ ಬಣ್ಣ ಹೇಳಿ, ಹೆಸರು ಹೇಳಬೇಡಿ.

ಎರೆ ಮಣ್ಣಿನ ಜೀವ ಅದರ ಜೇಡಿಯಲ್ಲಿದೆ. ಮಾಂಟ್‌ಮೊರಿಲೊನೈಟ್ ಎಂಬ ಜಾತಿಯ ಜೇಡಿ ಅದು. ನೀರು ಕುಡಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಏಪ್ರಿಲ್‌ನಲ್ಲಿ ಇಲ್ಲಿನ ಹೊಲದಲ್ಲಿ ಕೈ ಮೊಣಕೈವರೆಗೆ ಇಳಿಯುವ ಬಿರುಕು ಬಿಟ್ಟಿರುತ್ತದೆ. ಮಳೆ ಬಂದರೆ ಅದೇ ನೆಲ ಚಪ್ಪಲಿಯನ್ನು ಕಿತ್ತುಕೊಳ್ಳುತ್ತದೆ. ಪಕ್ಕದ ಮನೆಯ ಅಜ್ಜಿ ಇದನ್ನು ಒಂದೇ ಮಾತಿನಲ್ಲಿ ಹೇಳುತ್ತಾರೆ: "ಎರಿಯಾಗ ನೀರ ನಿಂತ್ರ ಬೇರ ಕೊಳಿತಾವ, ಒಣಗಿದ್ರ ಬೇರ ಹರಿತಾವ ಬೇಟಿ." ಇದರ ಮೇಲೆ ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು, ಕ್ಷಾರದ ಕಡೆಗೆ ವಾಲಿದ ಮಣ್ಣು, ಕೊಳೆತ ಸಾವಯವ ಅಂಶ ಕಡಿಮೆ.

ಇಂಥ ನೆಲಕ್ಕೆ ಪರ್ಲೈಟ್ ಹಾಕಿದರೆ ಏನಾಗುತ್ತದೆ? ಲೆಕ್ಕ ಹಾಕಿ ನೋಡಿ. ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಮಡಿ. ಬೇರು ಇಳಿಯುವ ಎಂಟು ಇಂಚು ಆಳ. ಅಷ್ಟು ಮಣ್ಣು ಸುಮಾರು 750 ಲೀಟರ್. ಅದರ ಗುಣ ನಿಜವಾಗಿ ಬದಲಾಗಬೇಕಾದರೆ ಮಿಶ್ರಣದ ಮೂರನೆಯ ಒಂದು ಪಾಲಿನ ಹತ್ತಿರವಾದರೂ ಪರ್ಲೈಟ್ ಇರಬೇಕು. ಶೇಕಡ 30 ಎಂದು ಹಿಡಿದರೂ ಸುಮಾರು 220 ಲೀಟರ್, ಅಂದರೆ 22 ಕಿಲೋ. ನಿಮ್ಮ ಫೋನಿನಲ್ಲಿ ಒಂದು ಕಿಲೋ ಪ್ಯಾಕೆಟ್ಟಿನ ಬೆಲೆ ನೋಡಿ 22ರಿಂದ ಗುಣಿಸಿ. ಅದೂ ಒಂದು ಮಡಿಗೆ.

ಅಷ್ಟು ಹಾಕಲಾಗದೆ ಎರಡು ಪ್ಯಾಕೆಟ್ ಹಾಕಿದರೆ? ಹಲ್ವಾದೊಳಗೆ ಗೋಡಂಬಿ ಇದ್ದ ಹಾಗೆ ಇರುತ್ತದೆ. ಹಲ್ವಾ ಹಲ್ವಾವೇ. ಕಾಳಿಗೆ ಕಾಳು ತಾಗಿಕೊಂಡಿದ್ದರೆ ಮಾತ್ರ ನಡುವೆ ಸಂದು ಉಂಟಾಗಿ ನೀರು ಇಳಿಯುತ್ತದೆ. ಒಂದೊಂದೇ ಕಾಳು ಸುತ್ತಲೂ ಜೇಡಿ ಮೆತ್ತಿಕೊಂಡು ಕೂತರೆ ಅಲ್ಲಿ ಯಾವ ದಾರಿಯೂ ಇಲ್ಲ. ಇದರ ಮೇಲೆ ಎರೆ ಮಣ್ಣು ವರ್ಷಕ್ಕೆ ಎರಡು ಸಲ ಹಿಗ್ಗಿ ಕುಗ್ಗುತ್ತದೆ. ಪರ್ಲೈಟ್ ಬೆರಳಿನಲ್ಲಿ ಒತ್ತಿದರೆ ಪುಡಿಯಾಗುವ ವಸ್ತು. ಸಲಿಕೆಯ ಪೆಟ್ಟು, ಕಾಲಿನ ತುಳಿತ, ಮಣ್ಣಿನ ಒತ್ತಡ ಎಲ್ಲ ಸೇರಿ ಅದನ್ನು ಹಿಟ್ಟು ಮಾಡುತ್ತವೆ. ಪುಡಿಯಾಗದೆ ಉಳಿದದ್ದು ಮೊದಲ ಜೋರು ಮಳೆಗೆ ತೇಲಿ ಮೇಲೆ ಬಂದು ಚರಂಡಿ ಸೇರುತ್ತದೆ. ಮಳೆ ನಿಂತ ಮೇಲೆ ಅಂಗಳದಲ್ಲಿ ಬಿಳಿ ಗೆರೆ ಬಿದ್ದಿರುವುದನ್ನು ನಾನು ಇಬ್ಬರು ಬಂಧುಗಳ ಮನೆಯಲ್ಲಿ ನೋಡಿದ್ದೇನೆ.

ಎಲೆ ಹಳದಿಯಾಗುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಊರಿನಿಂದ ತಂದ ಕೇಪುಳ ಇಲ್ಲಿ ಹಳದಿಯಾಗುವುದು, ನರ ಮಾತ್ರ ಹಸಿರಾಗಿ ಉಳಿಯುವುದು, ಸುಣ್ಣದ ಮಣ್ಣಿನಲ್ಲಿ ಅದಕ್ಕೆ ಕಬ್ಬಿಣದ ಅಂಶ ಎಟುಕದೆ ಇರುವುದರಿಂದ. ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಬೇರಿಗೆ ಸಿಗುವ ರೂಪದಲ್ಲಿ ಇರುವುದಿಲ್ಲ. ನಮ್ಮ ಕರಾವಳಿಯ ಮುರಕಲ್ಲಿನ ಮಣ್ಣು ಹುಳಿ, ಇಲ್ಲಿನದ್ದು ಅದರ ತಿರುಗು. ಪರ್ಲೈಟ್ ಅದನ್ನು ಹುಳಿ ಮಾಡುವುದಿಲ್ಲ. ಕೇಪುಳ ಬೇಕೇ ಬೇಕು ಎನ್ನುವವರು ಅದನ್ನು ಕುಂಡದಲ್ಲಿ, ಮಸಾರಿ ಮಣ್ಣು ಮತ್ತು ಎಲೆಗೊಬ್ಬರದಲ್ಲಿ ಇಟ್ಟುಕೊಳ್ಳಬೇಕು, ಸುಣ್ಣದ ಬೋರ್ ನೀರಿನ ಬದಲು ಆದಷ್ಟು ಮಳೆನೀರು ಹಾಕಬೇಕು. ಇಲ್ಲವೇ ಅದರ ಆಸೆ ಬಿಟ್ಟು ಇಲ್ಲಿನ ಗಣಗಲು, ದಾಸವಾಳ ಬೆಳೆಸಬೇಕು.

ಹಾಗಾದರೆ ನೆಲಕ್ಕೆ ಏನು? ಇಲ್ಲಿನ ರೈತರನ್ನು ನೋಡಿದರೆ ಗೊತ್ತಾಗುತ್ತದೆ. ತೆಲಂಗಾಣದಲ್ಲಿ 2015ರಲ್ಲಿ ಮಿಷನ್ ಕಾಕತೀಯ ಎಂಬ ಯೋಜನೆ ಶುರುವಾಗಿ ಕೆರೆಗಳ ಹೂಳು ತೆಗೆದರು. ಆ ಹೂಳನ್ನು ರೈತರು ಟ್ರ್ಯಾಕ್ಟರುಗಳಲ್ಲಿ ಹೊಲಕ್ಕೆ ಒಯ್ದರು. ಅವರು ಹಾಕಿದ್ದು ಮುಖ್ಯವಾಗಿ ಚಲಕ ನೆಲಕ್ಕೆ, ನೀರು ನಿಲ್ಲದ ಕೆಂಪು ಮರಳು ಮಣ್ಣಿಗೆ. ಕೆರೆಯ ಹೂಳಿನ ಜೇಡಿ ಅದಕ್ಕೆ ನೀರು ಹಿಡಿಯುವ ಶಕ್ತಿ ಕೊಡುತ್ತದೆ. ಯೋಜನೆ ಹೊಸತು, ಹೂಳು ಹೊಡೆಯುವ ಪದ್ಧತಿ ಹಳೆಯದು. ಕೆಂಪಿಗೆ ಕಪ್ಪು ಸೇರಿಸುವುದು ಇಲ್ಲಿನ ಜನ ತಲೆತಲಾಂತರದಿಂದ ತಿಳಿದ ವಿದ್ಯೆ. ಇಂಥ ಸೀಮೆಯಲ್ಲಿ ಕೂತು ನಾವು ಹಡಗಿನಲ್ಲಿ ಬಂದ ಗಾಜಿನ ಅರಳಿಗೆ ಕೈ ಚಾಚುತ್ತೇವೆ.

ಎರೆ ಹಿತ್ತಲಿಗೆ ನನ್ನ ಅನುಭವದಲ್ಲಿ ಹಿಡಿದದ್ದು ಮೂರೇ. ನೆಲಕ್ಕಿಂತ ಒಂದು ಅಡಿ ಎತ್ತರದ ಏರು ಮಡಿ, ಅದರ ಸುತ್ತ ನೀರು ಹರಿಯುವ ಕಾಲುವೆ. ಪ್ರತಿ ವರ್ಷ ಬೇಸಿಗೆಯ ಕೊನೆಗೆ ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ, ಒಂದು ವರ್ಷ ಹಾಕಿ ಬಿಟ್ಟರೆ ಸಾಲದು, ಮೂರು ವರ್ಷವಾದರೂ ಹಾಕಬೇಕು. ಮೇಲೆ ಹೊದಿಕೆ, ಶೇಂಗಾ ಸಿಪ್ಪೆಯೋ ಹುಲ್ಲೋ ಒಣ ಎಲೆಯೋ. ಹೊದಿಕೆ ಇದ್ದರೆ ನೆಲ ಅಷ್ಟು ಆಳಕ್ಕೆ ಬಿರಿಯುವುದಿಲ್ಲ. ಶೇಂಗಾ ಸಿಪ್ಪೆ ಗದ್ವಾಲದ ಕಡೆ ಬೇಕಾದಷ್ಟು ಸಿಗುತ್ತದೆ. ಮತ್ತೆ, ಒದ್ದೆ ಇರುವಾಗ ಎರೆ ಮಣ್ಣನ್ನು ಅಗೆಯಲೇಬೇಡಿ. ಹಸಿ ಎರೆಯನ್ನು ಅಗೆದರೆ ಒಣಗಿದ ಮೇಲೆ ಇಟ್ಟಿಗೆ. ಹದ ನೋಡುವುದನ್ನು ಪಕ್ಕದ ಮನೆಯವರಿಂದ ಕಲಿಯಬೇಕು, ಯಾವ ವಿಡಿಯೋದಲ್ಲೂ ಅದು ಬರುವುದಿಲ್ಲ. ಜಿಪ್ಸಂ ಹಾಕಿ ಎಂದು ಹೇಳುವವರೂ ಇದ್ದಾರೆ. ಮಣ್ಣಿನಲ್ಲಿ ಸೋಡಿಯಂ ಹೆಚ್ಚಿದ್ದರೆ ಅದು ಕೆಲಸ ಮಾಡುತ್ತದೆ, ಇಲ್ಲವಾದರೆ ಹೆಚ್ಚೇನೂ ಇಲ್ಲ. ಪರೀಕ್ಷೆ ಮಾಡಿಸಿ ತಿಳಿಯುವ ವಿಷಯ ಅದು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಸೇತುವೆಯ ಆಚೆಗೇ ಉಂಟು.

ಕುಂಡದ ಮಾತು ಬೇರೆ. ಕುಂಡದಲ್ಲಿ ಪರ್ಲೈಟ್‌ಗೆ ನ್ಯಾಯವಾದ ಜಾಗ ಇದೆ, ಆದರೆ ಎಲ್ಲಿ ಎನ್ನುವುದು ಮುಖ್ಯ.

ಕರಾವಳಿಯಲ್ಲಿ ವರ್ಷಕ್ಕೆ 4000 ಮಿಲಿಮೀಟರಿನ ಹತ್ತಿರ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಟೆರೇಸಿನ ಕುಂಡ ನಾಲ್ಕು ತಿಂಗಳು ನೆನೆದೇ ಇರುತ್ತದೆ. ಅಲ್ಲಿ ಬೇರು ಕೊಳೆಯುವುದೇ ದೊಡ್ಡ ಶತ್ರು. ಮಿಶ್ರಣದ ಐದನೆಯ ಒಂದು ಪಾಲು ಪರ್ಲೈಟ್ ಹಾಕಿದರೆ ಮಲ್ಲಿಗೆ, ಮೆಣಸಿನ ಗಿಡ ಮಳೆ ದಾಟುತ್ತವೆ. ರಾಯಚೂರು, ಗದ್ವಾಲ, ಮಕ್ತಲ್ ಕಡೆ ಮಳೆ 600 ಮಿಲಿಮೀಟರಿನ ಆಸುಪಾಸು. ಮೇ ತಿಂಗಳಲ್ಲಿ ಬಿಸಿಲು 42–43 ಡಿಗ್ರಿ ಮುಟ್ಟುತ್ತದೆ, ಬಿಸಿ ಗಾಳಿ ಬೇರೆ. ಬೆಳಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೆ ಇಲ್ಲ. ಇಲ್ಲಿ ನೀರನ್ನು ಬೇಗ ಬಿಡುವ ವಸ್ತು ಕುಂಡಕ್ಕೆ ಬೇಕೇ, ಹಿಡಿದಿಡುವ ವಸ್ತು ಬೇಕೇ? ಒಂದೇ ಪ್ಯಾಕೆಟ್ ಉಳ್ಳಾಲದಲ್ಲಿ ಗಿಡ ಉಳಿಸುತ್ತದೆ, ಮಕ್ತಲ್‌ನ ಮೇ ತಿಂಗಳಲ್ಲಿ ಒಣಗಿಸುತ್ತದೆ.

ಇಲ್ಲಿನ ಕುಂಡಕ್ಕೆ ನಾನು ಹಾಕುವುದು ಎರಡು ಪಾಲು ಮಸಾರಿ ಮಣ್ಣು, ಒಂದು ಪಾಲು ಹಳೆಯ ಗೊಬ್ಬರ, ಒಂದು ಪಾಲು ತೊಳೆದ ಕೋಕೋಪೀಟ್ ಮತ್ತು ಭತ್ತದ ಹೊಟ್ಟು ಸೇರಿಸಿದ್ದು. ಎರೆ ಮಣ್ಣು ಬೇಕಿದ್ದರೆ ಒಂದೆರಡು ಬೊಗಸೆ ಸಾಕು, ಕುಂಡದ ತುಂಬ ಬೇಡವೇ ಬೇಡ. ಟ್ರ್ಯಾಕ್ಟರಿನವನು ತಪ್ಪಿ ಕೆಂಪು ಮಣ್ಣು ತಂದು ಹಾಕಿದ ಮನೆಯವರಿಗೆ ಒಳ್ಳೆಯದಾಯಿತು ಎಂದದ್ದು ಇದಕ್ಕೇ, ಅವರು ಕುಂಡಗಳಿಗೆಂದೇ ಮಣ್ಣು ತರಿಸಿದ್ದು. ಕೋಕೋಪೀಟ್ ಅನ್ನು ತೊಳೆಯದೆ ಹಾಕಬೇಡಿ, ಅದರಲ್ಲಿ ಉಪ್ಪು ಇರುತ್ತದೆ. ನಮ್ಮ ಬೋರ್ ನೀರೂ ಸುಣ್ಣದ್ದೇ, ಕುಂಡದ ಅಂಚಿಗೆ ಬಿಳಿ ಕಟ್ಟುತ್ತದೆ. ಹದಿನೈದು ದಿನಕ್ಕೊಮ್ಮೆ ಕೆಳಗಿನ ತೂತಿನಿಂದ ಧಾರಾಳವಾಗಿ ಹರಿಯುವಷ್ಟು ನೀರು ಹಾಕಿದರೆ ಆ ಉಪ್ಪು ಇಳಿದುಹೋಗುತ್ತದೆ.

ಕುಂಡದ ಅಡಿಗೆ ಜಲ್ಲಿಯ ಪದರ ಹಾಕುವ ಅಭ್ಯಾಸವನ್ನೂ ಇಲ್ಲಿ ಹೇಳಬೇಕು. ನಮ್ಮ ಉಮ್ಮಂದಿರು ಹಾಕುತ್ತಿದ್ದರು, ನಾವೂ ಹಾಕುತ್ತೇವೆ. ನೀರು ಸಣ್ಣ ಸಂದಿನ ಮಣ್ಣಿನಿಂದ ದೊಡ್ಡ ಸಂದಿನ ಜಲ್ಲಿಗೆ ಸುಲಭವಾಗಿ ಇಳಿಯುವುದಿಲ್ಲ, ಮಣ್ಣು ಪೂರ್ತಿ ನೆನೆಯುವವರೆಗೆ ಜಲ್ಲಿಯ ಮೇಲೆಯೇ ನಿಲ್ಲುತ್ತದೆ. ಹಾಗಾಗಿ ಅಡಿಯ ಪದರದಿಂದ ಬೇರಿಗೆ ಸಿಗುವ ಒಣ ಜಾಗ ಕಡಿಮೆಯೇ ಆಗುತ್ತದೆ. ತರಿ ವಸ್ತು ಯಾವುದೇ ಇರಲಿ, ಪರ್ಲೈಟೋ ಹೊಟ್ಟೋ, ಇಡೀ ಮಣ್ಣಿಗೆ ಬೆರೆತರೆ ಮಾತ್ರ ಉಪಯೋಗ. ತೂತು ಮುಚ್ಚದಂತೆ ಒಂದು ಹಂಚಿನ ಚೂರು ಇಟ್ಟರೆ ಸಾಕು.

ಪರ್ಲೈಟ್ ಪರವಾಗಿ ಹೇಳಬೇಕಾದದ್ದನ್ನೂ ಹೇಳುತ್ತೇನೆ. ಬೀಜ ಮೊಳೆಸುವ ಟ್ರೇಗೆ, ಮಲ್ಲಿಗೆ, ದಾಸವಾಳದ ಕಡ್ಡಿಗೆ ಬೇರು ಬರಿಸಲಿಕ್ಕೆ ಅದು ಶುದ್ಧವಾದ, ರೋಗ ಇಲ್ಲದ, ಹಗುರ ವಸ್ತು. ನೆರಳಿನಲ್ಲಿಟ್ಟು ದಿನಕ್ಕೆ ಎರಡು ಸಲ ನೀರು ಚಿಮುಕಿಸುವ ಕೆಲಸಕ್ಕೆ ಅದಕ್ಕಿಂತ ಸುಲಭ ಬೇರೆ ಇಲ್ಲ. ಅರ್ಧ ಕಿಲೋ ತಂದರೆ ಎರಡು ವರ್ಷಕ್ಕೆ ಸಾಕು. ಇನ್ನೊಂದು, ತೂಕ. ಒದ್ದೆ ಮಣ್ಣು ತುಂಬಿದ 20 ಲೀಟರಿನ ಒಂದು ಕುಂಡ 30 ಕಿಲೋ ದಾಟುತ್ತದೆ, ಮೂವತ್ತು ಕುಂಡ ಇಟ್ಟರೆ ಒಂದು ಟನ್. ನಾರಾಯಣಪೇಟೆಯ ಹಳೆಯ ಮನೆಗಳಿಗೆ ಮಾಳಿಗೆ ಎಂದರೆ ಮರದ ತೊಲೆಯ ಮೇಲೆ ಫರ್ಸಿ ಕಲ್ಲು. ಬಾಡಿಗೆ ಮನೆಯ ಅಂಥ ಮಾಳಿಗೆಯ ಮೇಲೆ ಗಿಡ ಇಡುವವರು ಮಣ್ಣನ್ನು ಕಡಿಮೆ ಮಾಡಿ ಹಗುರ ವಸ್ತು ಸೇರಿಸಲೇಬೇಕು. ಹಣ ಇದ್ದರೆ ಪರ್ಲೈಟ್ ಸೇರಿಸಲಿ. ಆದರೆ ಅದೇ ಕೆಲಸವನ್ನು ಭತ್ತದ ಹೊಟ್ಟು ಮಾಡುತ್ತದೆ ಎನ್ನುವುದು ನನ್ನ ವಾದ.

ತುಂಗಭದ್ರೆಯ ಕಾಲುವೆ, ಜುರಾಲಾ ಅಣೆಕಟ್ಟಿನ ಕಾಲುವೆ, ಎರಡೂ ಕಡೆಯ ಭತ್ತ ಬರುವ ಸೀಮೆ ಇದು. ಭತ್ತದ ತೂಕದಲ್ಲಿ ಸುಮಾರು ಐದನೆಯ ಒಂದು ಪಾಲು ಹೊಟ್ಟು. ರೈಸ್ ಮಿಲ್ಲಿನ ಹಿಂದೆ ಗುಡ್ಡ ಬಿದ್ದಿರುತ್ತದೆ, ಬಾಯ್ಲರಿಗೋ ಇಟ್ಟಿಗೆ ಭಟ್ಟಿಗೋ ಹೋಗುತ್ತದೆ. ಹೊಟ್ಟಿನಲ್ಲಿ ಸಿಲಿಕಾ ಹೆಚ್ಚು, ಅದಕ್ಕೇ ಬೇಗ ಕೊಳೆಯುವುದಿಲ್ಲ, ಕುಂಡದಲ್ಲಿ ಎರಡು ಮೂರು ಬೆಳೆ ದಾಟುತ್ತದೆ. ಅಮೆರಿಕದ ನರ್ಸರಿಗಳಲ್ಲೇ ಪರ್ಲೈಟ್ ಬದಲಿಗೆ ಬೇಯಿಸಿದ ಭತ್ತದ ಹೊಟ್ಟನ್ನು ಬಳಸುತ್ತಿದ್ದಾರೆ. ನಾವು ಅವರು ಬಿಡುತ್ತಿರುವುದನ್ನು ಹಣ ಕೊಟ್ಟು ತರಿಸುತ್ತೇವೆ, ಅವರು ಹುಡುಕಿಕೊಂಡು ಹೋಗಿದ್ದು ನಮ್ಮ ಬೀದಿಯಲ್ಲಿ ಉಂಟು.

ಹೊಟ್ಟು ಕೇಳುವಾಗ ಕುಚ್ಚಲಕ್ಕಿ ಮಾಡುವ ಮಿಲ್ಲಿನದ್ದನ್ನು ಕೇಳಿ, ಭತ್ತ ಬೆಂದಿರುವುದರಿಂದ ಉಳಿದ ಕಾಳು ಮೊಳೆಯುವುದಿಲ್ಲ. ಬೆಳ್ತಿಗೆ ಮಿಲ್ಲಿನದ್ದಾದರೆ ಕುಂಡದಲ್ಲಿ ಭತ್ತ ಹುಟ್ಟುತ್ತದೆ, ಮಕ್ಕಳಿಗೆ ಖುಷಿ, ನಿಮಗೆ ಕೀಳುವ ಕೆಲಸ. ಅಥವಾ ಒಂದು ತಿಂಗಳು ನೆನೆಸಿ, ರಾಶಿ ಹಾಕಿ, ಹಳತು ಮಾಡಿ ಬಳಸಿ. ಇನ್ನೂ ಒಳ್ಳೆಯದು ಸುಟ್ಟ ಕರಿ ಹೊಟ್ಟು. ತೂತು ಹೊಡೆದ ಹಳೆಯ ಎಣ್ಣೆ ಡಬ್ಬದೊಳಗೆ ಬೆಂಕಿ ಮಾಡಿ, ಸುತ್ತ ಹೊಟ್ಟನ್ನು ಗುಡ್ಡ ಹಾಕಿ, ಮೇಲಿಂದ ಕಪ್ಪಾಗುತ್ತಾ ಬಂದ ಹಾಗೆ ಮಗುಚುತ್ತಾ, ಪೂರ್ತಿ ಕಪ್ಪಾದ ಕೂಡಲೇ ನೀರು ಚೆಲ್ಲಿ ಆರಿಸಬೇಕು. ಬಿಟ್ಟರೆ ಬೂದಿಯಾಗುತ್ತದೆ, ಬೂದಿ ಕ್ಷಾರ, ಇಲ್ಲಿನ ಮಣ್ಣಿಗೆ ಅದು ಬೇಡ. ಮಿಲ್ಲಿನ ಬಾಯ್ಲರಿನ ಬೂದಿ ಪುಕ್ಕಟೆ ಸಿಗುತ್ತದೆ ಎಂದು ತರಬೇಡಿ, ಅದು ಈ ಕೆಲಸಕ್ಕಲ್ಲ. ಶಕ್ತಿನಗರದ ಕಲ್ಲಿದ್ದಲಿನ ಬೂದಿ ಇಟ್ಟಿಗೆ ಮಾಡಲಿಕ್ಕೆ ಸರಿ, ತರಕಾರಿ ಕುಂಡಕ್ಕೆ ಖಂಡಿತ ಬೇಡ.

ಊರಿನಲ್ಲಿ ಇರುವವರಿಗೂ ಇಂಥದ್ದೊಂದು ಉಂಟು, ಮಂಗಳೂರು ಹಂಚು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು, ಈಗ ಹಳೆ ಮನೆ ಕೆಡವಿದಲ್ಲೆಲ್ಲ ಆ ಹಂಚು ಲೋಡುಗಟ್ಟಲೆ ಬಿದ್ದಿರುತ್ತದೆ. ಕಡಲೆ ಗಾತ್ರಕ್ಕೆ ಜಜ್ಜಿ ಜರಡಿ ಹಿಡಿದರೆ ಗಾಳಿಯಾಡುವ, ನೀರನ್ನೂ ಹೀರಿಕೊಳ್ಳುವ ತರಿ ಸಿಗುತ್ತದೆ. ಆಂಥೂರಿಯಂ, ಆರ್ಕಿಡ್ ಸಾಕುವ ಹಳಬರು ಇದನ್ನೇ ಹಾಕುತ್ತಿದ್ದರು. ತೂಕ ಮಾತ್ರ ಹೆಚ್ಚು.

ಪರ್ಲೈಟ್ ಕೊಳ್ಳುವವರಿಗೆ ಎರಡು ಎಚ್ಚರಿಕೆ. ಒಂದು ನರ್ಸರಿಯಿಂದ ತಂದ ಗಿಡದ ಬುಡದಲ್ಲಿ ಬಿಳಿ ಕಾಳು ಕಂಡು "ಪರ್ಲೈಟ್ ಹಾಕಿದ ಮಣ್ಣು" ಎಂದು ಹೆಚ್ಚು ಹಣ ಕೊಟ್ಟ ನಮ್ಮ ಬಂಧುವೊಬ್ಬರು ಉಗುರಿನಲ್ಲಿ ಒತ್ತಿ ನೋಡಿದರೆ ಅದು ಥರ್ಮಾಕೋಲ್. ಪರ್ಲೈಟ್ ಉಗುರಿಗೆ ಪುಡಿಯಾಗುತ್ತದೆ, ಥರ್ಮಾಕೋಲ್ ಅದುಮಿ ಮತ್ತೆ ಏಳುತ್ತದೆ. ಪ್ಲಾಸ್ಟಿಕ್ ಮಣ್ಣು ಸೇರಿದರೆ ಹೋಗುವ ವಸ್ತುವಲ್ಲ. ಇನ್ನೊಂದು, ಪ್ಯಾಕೆಟ್ ಒಡೆಯುವಾಗ ಮೇಲಕ್ಕೆ ಏಳುವ ಬಿಳಿ ಧೂಳು. ಮೊದಲು ಪ್ಯಾಕೆಟ್ಟಿನೊಳಗೇ ನೀರು ಚಿಮುಕಿಸಿ ಒದ್ದೆ ಮಾಡಿ, ಆಮೇಲೆ ಸುರಿಯಿರಿ. ದಮ್ಮಿನ ತೊಂದರೆ ಇರುವ ಹಿರಿಯರನ್ನು, ಮಕ್ಕಳನ್ನು ಆ ಹೊತ್ತಿಗೆ ದೂರ ಇಡಿ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಉದ್ದ ಯಾಕೆ, ನಾಲ್ಕು ನೂರು ರೂಪಾಯಿಯ ಪ್ಯಾಕೆಟ್ ಅಲ್ಲವೇ ಎಂದು ಗುಂಪಿನಲ್ಲಿ ಯಾರಾದರೂ ಕೇಳುತ್ತಾರೆ, ಗೊತ್ತು. ಪ್ಯಾಕೆಟ್ ಹಾಕಿದ ಮೇಲೂ ಗಿಡ ಸತ್ತಾಗ ಆ ಮನೆಯ ಹೆಂಗಸು ಎರಡನೆಯ ಪ್ಯಾಕೆಟ್ ತರಿಸುವುದಿಲ್ಲ. ಗಿಡವನ್ನೇ ಬಿಡುತ್ತಾಳೆ. ಗಂಡ ಬೆಳಗ್ಗೆ ನಾಲ್ಕಕ್ಕೆ ಬೇಕರಿಗೆ ಹೋದರೆ ರಾತ್ರಿ ಹತ್ತಕ್ಕೆ ಬರುವ ಮನೆಗಳು ಇವು. ಭಾಷೆ ಅರ್ಧ ಬರುತ್ತದೆ, ನೆಂಟರು ಒಂದು ರಾತ್ರಿಯ ಬಸ್ಸಿನ ದೂರ. ಪಕ್ಕದ ಮನೆಯವರ ಜೊತೆ ಮಾತಿಗೆ ಕಾರಣ ಬೇಕಾದರೆ ಗಿಡದಷ್ಟು ಒಳ್ಳೆಯ ಕಾರಣ ಇನ್ನೊಂದಿಲ್ಲ. ಗೊಬ್ಬರ ಎಲ್ಲಿ ಸಿಗುತ್ತದೆ, ಹೊಟ್ಟು ಯಾವ ಮಿಲ್ಲಿನದ್ದು, ಹದ ಬಂತೇ ಎಂದು ಕೇಳಲು ಹೋದರೆ ಒಂದು ತಟ್ಟೆ ಜೋಳದ ರೊಟ್ಟಿ, ಪುಂಡಿ ಪಲ್ಯ ಕೈಗೆ ಬರುತ್ತದೆ. ಆನ್‌ಲೈನ್ ಪ್ಯಾಕೆಟ್ ತಂದವನು ಗೇಟಿನಿಂದಲೇ ಹೋಗುತ್ತಾನೆ.

ಬಸಳೆಯ ವಿಷಯ ಕೇಳಿದವರಿಗೆ: ಏರು ಮಡಿಯಲ್ಲಿ, ಗೊಬ್ಬರ ಹಾಕಿದ ಎರೆಯಲ್ಲೇ ಬಸಳೆ ಚೆನ್ನಾಗಿ ಬರುತ್ತದೆ. ಮಳೆ ಶುರುವಾದ ಮೇಲೆ ಜುಲೈಯಲ್ಲಿ ತುಂಡು ನೆಡಿ, ಮೇ ತಿಂಗಳ ಬಿಸಿಲಿಗೆ ಅಲ್ಲ. ಪಶ್ಚಿಮದ ಬಿಸಿಲಿಗೆ ಒಂದು ಹಸಿರು ನೆರಳು ಪರದೆ ಕಟ್ಟಿ. ತುಂಡು ಇಲ್ಲದವರು ರಾಯಚೂರಿಗೆ ಬರುವವರ ಕೈಯಲ್ಲಿ ಹೇಳಿ ಕಳಿಸಿ, ನಮ್ಮ ಚಪ್ಪರದಲ್ಲಿ ಬೇಕಾದಷ್ಟು ಇದೆ.